ವಾಲಿದ ಗೋಪುರ, ಪುಲಿಕೇಶಿಯ ಸಾಕ್ಷಿ

"ನೀರು ಬಿತ್ತೇನ್ಲಾ?"

ಚೀನಾಕ್ಕೆ ಹೋಗಿ ಬಂದ ನನ್ನನ್ನು ನಮ್ಮ ದೊಡ್ಡಪ್ಪ ಕೇಳಿದ ಮೊದಲ ಪ್ರಶ್ನೆ ಇದು. ದೊಡ್ಡಬೆಳವಂಗಲದ ಮನೆ ಜಗುಲಿ ಮೇಲೆ ಕೂತು ಫೋನಿನಲ್ಲಿ ಫೋಟೋ ತೋರಿಸ್ತಾ ಇದ್ದೆ. ಸಾಲು ಸಾಲು ಮಣ್ಣಿನ ಸೈನಿಕರು, ಆಳೆತ್ತರ, ಒಬ್ಬನ ಮುಖ ಇದ್ದಂಗೆ ಇನ್ನೊಬ್ಬನದಿಲ್ಲ. ಶಿಯಾನ್ ಅನ್ನೋ ಊರಿನ ಹತ್ತಿರ 1974ರಲ್ಲಿ ಬರ ಬಂದು, ರೈತರು ಬಾವಿ ತೋಡ್ತಿದ್ದಾಗ ಗುದ್ದಲಿಗೆ ಮಣ್ಣಿನ ತಲೆಯೊಂದು ಸಿಕ್ಕಿತು, ಆಮೇಲೆ ಅಗೆದರೆ ಸುಮಾರು 8,000 ಸೈನಿಕರ ಪಡೆಯೇ ಹೂತಿದೆ ಅಂತ ಗೊತ್ತಾಯಿತು, ಕ್ರಿಸ್ತಪೂರ್ವ 210ರಲ್ಲಿ ಸತ್ತ ಚಕ್ರವರ್ತಿ ಚಿನ್ ಶಿ ಹ್ವಾಂಗ್‌ನ ಸಮಾಧಿ ಕಾಯೋದಕ್ಕೆ ಮಾಡಿಟ್ಟ ಪಡೆ ಅದು ಅಂತೆಲ್ಲ ಸ್ಟುಡಿಯೋದಲ್ಲಿ ಹೇಳೋ ಹಾಗೆ ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡ. ಕೊನೆಗೆ ಕೇಳಿದ್ದು ಮಾತ್ರ ಒಂದೇ. ಬಾವಿ ತೋಡಿದರಲ್ಲ, ನೀರು ಬಿತ್ತಾ?

ನಕ್ಕುಬಿಟ್ಟೆ. ಆಮೇಲೆ ನಗು ನಿಂತುಹೋಯಿತು. ಆ ರೈತರು ಹೋಗಿದ್ದು ನೀರಿಗೇ ತಾನೆ? ಕೆಲವೇ ಮೀಟರ್ ಆಳದಲ್ಲಿ ಸೈನಿಕರು ಸಿಕ್ಕರು, ಬಾವಿ ಕೆಲಸ ಅಲ್ಲಿಗೇ ನಿಂತಿತು. ಜಗತ್ತಿಗೆ ಅದ್ಭುತ ಸಿಕ್ಕಿತು, ಅವರಿಗೆ ಆ ಜಾಗದಲ್ಲಿ ನೀರು ಸಿಗಲಿಲ್ಲ. ಮೂರು ಬೋರ್‌ವೆಲ್ ಕೊರೆಸಿ ಎರಡರಲ್ಲಿ ಬರೀ ಧೂಳು ನೋಡಿದ ಮನುಷ್ಯನಿಗೆ ಇದನ್ನು ಬಿಟ್ಟು ಬೇರೆ ಏನು ಕಾಣಬೇಕು ಹೇಳಿ.

ಆದರೆ ಈ ಅಂಕಣದಲ್ಲಿ ನಾನು ಹೇಳಬೇಕಾಗಿರೋದು ಆ ಸೈನಿಕರ ಕಥೆ ಅಲ್ಲ. ಅದನ್ನು ಎಲ್ಲರೂ ಹೇಳಿದ್ದಾರೆ. ಅದೇ ಶಿಯಾನ್ ಊರಿನಲ್ಲಿ ಇನ್ನೊಂದು ಕಟ್ಟಡ ಇದೆ. ಅದಕ್ಕೂ ನಮ್ಮ ಬಾದಾಮಿಗೂ ಸಂಬಂಧ ಇದೆ. ಅದಕ್ಕೂ ಬೋರ್‌ವೆಲ್‌ಗೂ ಸಂಬಂಧ ಇದೆ.

ಮೊದಲು ಊರಿನ ಬಗ್ಗೆ ಒಂದು ಮಾತು. ಇವತ್ತಿನ ಶಿಯಾನ್ ಅಂದರೆ ಹಳೆಯ ಚಾಂಗಾನ್. ಎಷ್ಟೋ ರಾಜವಂಶಗಳ ರಾಜಧಾನಿ, ರೇಷ್ಮೆ ದಾರಿಯ ಪೂರ್ವದ ತುದಿ. ರೇಷ್ಮೆ ಅಂದ ಕೂಡಲೇ ನಮ್ಮ ದೊಡ್ಡಬಳ್ಳಾಪುರದ ಮಗ್ಗದವರು ಕಿವಿ ನಿಮಿರಿಸ್ತಾರೆ. ಚೀನಾ ರೇಷ್ಮೆ ಅಗ್ಗವಾಗಿ ಬಂದರೆ ಶಿಡ್ಲಘಟ್ಟ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೇಟು ಬೀಳುತ್ತೆ, ಇದು ಅವರಿಗೆ ಬಾಯಿಪಾಠ. ಇದೇನು ಹೊಸದಲ್ಲ ಬಿಡಿ. ಕಾಳಿದಾಸನ ಶಾಕುಂತಲದಲ್ಲೇ 'ಚೀನಾಂಶುಕ' ಅನ್ನೋ ಪದ ಬರುತ್ತೆ, ಅಂದರೆ ಚೀನಾದ ಬಟ್ಟೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳ ಜೊತೆಗೆ ಹಳೆಯ ಚೀನೀ ನಾಣ್ಯವೊಂದೂ ಸಿಕ್ಕಿದ್ದು ನಮ್ಮ ಪ್ರಾಕ್ತನ ಇಲಾಖೆಯ ದಾಖಲೆಯಲ್ಲೇ ಇದೆ. ಸರಕು, ದುಡ್ಡು, ಮನುಷ್ಯರು, ಮೂರೂ ಓಡಾಡಿವೆ. ನನ್ನ ಕಥೆ ಮೂರನೆಯದರದ್ದು.

ಶಿಯಾನ್‌ನಲ್ಲಿ ಪ್ರವಾಸಿಗಳು ಮೊದಲು ಓಡೋದು ಕೋಟೆ ಗೋಡೆಗೆ. 14ನೇ ಶತಮಾನದ ಮಿಂಗ್ ಕಾಲದ್ದು, ಸುತ್ತಳತೆ ಹೆಚ್ಚೂಕಮ್ಮಿ 14 ಕಿಲೋಮೀಟರ್, ಮೇಲೆ ಬಾಡಿಗೆ ಸೈಕಲ್ ತುಳೀಬಹುದು. ನಮ್ಮವರು ಎಷ್ಟೋ ಜನ ಇದನ್ನೇ ಮಹಾಗೋಡೆ ಅಂತ ಸ್ಟೇಟಸ್ ಹಾಕ್ತಾರೆ. ಅದು ಬೇರೆ, ಇದು ಬೇರೆ. ಅಂದ ಹಾಗೆ ಚಂದ್ರನಿಂದ ಮಹಾಗೋಡೆ ಕಾಣುತ್ತೆ ಅನ್ನೋ ವಾಟ್ಸಾಪ್ ಫಾರ್ವರ್ಡ್ ದಯವಿಟ್ಟು ಇವತ್ತಿಗೆ ನಿಲ್ಲಿಸಿ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಭೂಮಿ ಸುತ್ತಿ ಇಳಿದ ಮೇಲೆ, ನನಗೆ ಗೋಡೆ ಕಾಣಲಿಲ್ಲ ಅಂತ ತಾನೇ ಹೇಳಿದ. ಚಂದ್ರ ಇನ್ನೂ ಎಷ್ಟು ದೂರ ಲೆಕ್ಕ ಹಾಕಿ.

ಕೋಟೆಯ ದಕ್ಷಿಣ ಬಾಗಿಲಿನಿಂದ ಮುಂದೆ ಒಂದಷ್ಟು ದೂರ ಹೋದರೆ ಸಿಗುತ್ತೆ ದಾಯೆನ್ ತಾ, ಅಂದರೆ ಕಾಡು ಹೆಬ್ಬಾತಿನ ದೊಡ್ಡ ಗೋಪುರ. ಏಳು ಅಂತಸ್ತು, 64 ಮೀಟರ್ ಎತ್ತರ, ಇಟ್ಟಿಗೆಯದು. ಮೇಲೆ ಹೋಗ್ತಾ ಹೋಗ್ತಾ ಕಿರಿದಾಗುತ್ತೆ. ನಮ್ಮ ದೇವಸ್ಥಾನಗಳ ಕೆತ್ತನೆ ನೋಡಿ ಅಭ್ಯಾಸ ಇರೋರಿಗೆ ಸ್ವಲ್ಪ ಬೋಳು ಅನ್ನಿಸುತ್ತೆ. ನನಗೂ ಅನ್ನಿಸಿತು. ಆದರೆ ಇದನ್ನು ಕಟ್ಟಿಸಿದ್ದು ಯಾಕೆ ಅಂತ ಓದಿದ ಮೇಲೆ ಅಲ್ಲೇ ಕಟ್ಟೆ ಮೇಲೆ ಕೂತೆ. ಇದು ಪುಸ್ತಕ ಇಡೋದಕ್ಕೆ ಕಟ್ಟಿದ ಗೋಪುರ. ಭಾರತದಿಂದ ತಂದ ಪುಸ್ತಕ. ತಂದವನು, ನಾವೆಲ್ಲ ಹೈಸ್ಕೂಲಿನಲ್ಲಿ ಎರಡು ಮಾರ್ಕ್ಸಿಗೆ ಓದಿದ ಹ್ಯೂಯೆನ್ ತ್ಸಾಂಗ್. ಇವತ್ತು ಅವನ ಹೆಸರನ್ನು ಶ್ವಾನ್‌ಝಾಂಗ್ ಅಂತ ಬರೀತಾರೆ.

ಪಠ್ಯಪುಸ್ತಕದಲ್ಲಿ ಅವನು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ನಿಂತಿರೋ ಒಂದು ಚಿತ್ರ, ಅಷ್ಟೇ. ನಿಜವಾಗಿ ಆ ಮನುಷ್ಯ ಮಾಡಿದ್ದು ನೋಡಿ. 629ರ ಸುಮಾರಿಗೆ, ಮೂವತ್ತೂ ತುಂಬದ ವಯಸ್ಸಿನಲ್ಲಿ, ಅಪ್ಪಣೆ ಇಲ್ಲದೆ ಕದ್ದು ಗಡಿ ದಾಟಿದ. ಆಗ ದೇಶ ಬಿಟ್ಟು ಹೋಗೋದಕ್ಕೆ ನಿಷೇಧ ಇತ್ತು. ಗೋಬಿ ಮರುಭೂಮಿ, ಮಧ್ಯ ಏಷ್ಯಾ, ಅಫ್ಘಾನಿಸ್ತಾನ ದಾಟಿ ಭಾರತಕ್ಕೆ ಬಂದ. ನಾಲಂದದಲ್ಲಿ ಶೀಲಭದ್ರನ ಹತ್ತಿರ ಓದಿದ. ಅಲ್ಲಿಂದ ದಕ್ಷಿಣಕ್ಕೆ, ಕಾಂಚಿಪುರದವರೆಗೂ ಬಂದ. 645ರಲ್ಲಿ ಚಾಂಗಾನ್‌ಗೆ ವಾಪಸ್ ಹೋದಾಗ ಅವನ ಜೊತೆ 657 ಗ್ರಂಥಗಳಿದ್ದವು, ಹೊತ್ತಿದ್ದು 20 ಕುದುರೆಗಳು. ದಾರಿಯಲ್ಲಿ ಸಿಂಧೂ ನದಿ ದಾಟುವಾಗ ಬಿರುಗಾಳಿಗೆ ಸಿಕ್ಕಿ ಒಂದಷ್ಟು ಹಸ್ತಪ್ರತಿ ನೀರುಪಾಲಾಗಿದ್ದವು. ಉಳಿದದ್ದಾದರೂ ಬೆಂಕಿಗೆ, ಕಾಲಕ್ಕೆ ಸಿಗದಿರಲಿ ಅಂತ 652ರಲ್ಲಿ ಈ ಗೋಪುರ ಕಟ್ಟೋದಕ್ಕೆ ಶುರುಮಾಡಿದರು. ಅವನಿಗೆ ಕಲ್ಲಿನದೇ ಬೇಕಿತ್ತು. ಖರ್ಚು ಜಾಸ್ತಿ ಅಂತ ಚಕ್ರವರ್ತಿ ಇಟ್ಟಿಗೆಗೆ ಒಪ್ಪಿದ. ಶ್ವಾನ್‌ಝಾಂಗ್ ತಾನೇ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತ ಅಂತ ಅವನ ಶಿಷ್ಯರು ಬರೆದ ಜೀವನಚರಿತ್ರೆ ಹೇಳುತ್ತೆ.

ಈಗ ನಮ್ಮ ವಿಷಯ. ಕಾಂಚಿಯಿಂದ ಹೊರಟು, ಕಾಡುದಾರಿಯಲ್ಲಿ ಸುಮಾರು 2,000 ಲೀ ನಡೆದು ಕೊಂಕಣಪುರ ಅನ್ನೋ ರಾಜ್ಯ ಸೇರಿದೆ ಅಂತ ಅವನು ಹೇಳ್ತಾನೆ. ಒಂದು ಲೀ ಅಂದರೆ ಸುಮಾರು ಅರ್ಧ ಕಿಲೋಮೀಟರ್ ಅಂದುಕೊಳ್ಳಿ. ಅಲ್ಲಿ ನೂರಕ್ಕೂ ಹೆಚ್ಚು ಬೌದ್ಧ ವಿಹಾರ, ಹತ್ತು ಸಾವಿರ ಭಿಕ್ಷುಗಳು, ಊರಿನ ಉತ್ತರಕ್ಕೆ ತಾಳೆ ಮರಗಳ ತೋಪು, ಆ ತಾಳೆಗರಿಗೆ ಬರೆಯೋದಕ್ಕೆ ದೇಶದಲ್ಲೆಲ್ಲ ಬೇಡಿಕೆ. ಈ ಊರು ಯಾವುದು? ಕೆಲವರು ಬನವಾಸಿ ಅಂತಾರೆ, ಕೆಲವರು ಆನೆಗೊಂದಿ ಅಂತಾರೆ, ಜಗಳ ಮುಗಿದಿಲ್ಲ. ಕಾಂಚಿಯಿಂದ ಆ ಕಡೆ ಹೋಗಬೇಕಾದರೆ ನಮ್ಮ ದೊಡ್ಡಬಳ್ಳಾಪುರದ ಸೀಮೆಯಲ್ಲೇ ಹಾದುಹೋದ ಅಂತ ಹೇಳಿಬಿಟ್ಟರೆ ನನಗೆ ಟಿಆರ್‌ಪಿ ಬರುತ್ತೆ, ಊರಲ್ಲಿ ಒಂದು ಸನ್ಮಾನವೂ ಆಗುತ್ತೆ. ಪುರಾವೆ ಇಲ್ಲ. ಹಾಗಾಗಿ ಹೇಳಲ್ಲ.

ಅಲ್ಲಿಂದ ವಾಯವ್ಯಕ್ಕೆ ಹೋಗಿ, ಸುಮಾರು 641ರಲ್ಲಿ ಅವನು ಸೇರಿದ ದೇಶದ ಹೆಸರು ಅವನ ಚೀನೀ ಬರಹದಲ್ಲಿ 'ಮೊ-ಹೊ-ಲ-ಚ'. ರಾಜನ ಹೆಸರು 'ಪು-ಲೊ-ಕಿ-ಶೆ'.

ಜೋರಾಗಿ ಓದಿ ನೋಡಿ. ನಮ್ಮ ಇಮ್ಮಡಿ ಪುಲಿಕೇಶಿ.

ಅವನು ಬರೆದದ್ದರ ಸಾರ ಇಷ್ಟು. ಇಲ್ಲಿನ ಜನ ಎತ್ತರದ ಆಳುಗಳು, ಸರಳ, ಪ್ರಾಮಾಣಿಕ, ಆದರೆ ಮುಂಗೋಪಿಗಳು. ಉಪಕಾರ ಮಾಡಿದವರನ್ನು ಮರೆಯಲ್ಲ, ಅವಮಾನ ಮಾಡಿದವರನ್ನು ಬಿಡಲ್ಲ. ಕಷ್ಟದಲ್ಲಿ ಯಾರಾದರೂ ಬಂದು ಕೇಳಿದರೆ ತಮ್ಮದನ್ನು ಮರೆತು ಓಡ್ತಾರೆ. ಸೇಡು ತೀರಿಸಿಕೊಳ್ಳೋ ಮೊದಲು ಶತ್ರುವಿಗೆ ಹೇಳಿಯೇ ಹೋಗ್ತಾರೆ. ಯುದ್ಧದಲ್ಲಿ ಓಡೋರನ್ನು ಅಟ್ಟಿಸಿಕೊಂಡು ಹೋಗ್ತಾರೆ, ಶರಣಾದವರನ್ನು ಕೊಲ್ಲಲ್ಲ. ಸೋತು ಬಂದ ಸೇನಾಪತಿಗೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟೆ ಕೊಡ್ತಾರೆ, ಆ ನಾಚಿಕೆಗೆ ಅವನೇ ಪ್ರಾಣ ಬಿಡ್ತಾನೆ. ಯುದ್ಧಕ್ಕೆ ಹೋಗೋ ಮುಂಚೆ ವೀರರೂ ಕುಡೀತಾರೆ, ಆನೆಗಳಿಗೂ ಕುಡಿಸ್ತಾರೆ.

ಇದರಲ್ಲಿ ಹೊಗಳಿಕೆಯೂ ಇದೆ, ಮುಜುಗರವೂ ಇದೆ. ನಮ್ಮ ಭಾಷಣಗಳಲ್ಲಿ ಮೊದಲರ್ಧ ಮಾತ್ರ ಬರುತ್ತೆ. ಸೇನಾಪತಿಯ ಸೀರೆ ಕಥೆ, ಆನೆಯ ಹೆಂಡದ ಕಥೆ ಬರಲ್ಲ. ನನಗೆ ಪೂರ್ತಿ ಬೇಕು, ಯಾಕೆಂದರೆ ಬರೀ ಹೊಗಳೋ ಸಾಕ್ಷಿಯನ್ನು ಯಾವ ವರದಿಗಾರನೂ ನಂಬಲ್ಲ.

ಮುಖ್ಯವಾದ ಸಾಲು ಇದರ ನಂತರ ಬರೋದು. ಉತ್ತರದ ಶೀಲಾದಿತ್ಯ ಪೂರ್ವದಿಂದ ಪಶ್ಚಿಮದವರೆಗೆ ಗೆದ್ದ, ಆದರೆ ಈ ದೇಶದವರು ಮಾತ್ರ ಅವನಿಗೆ ತಲೆಬಾಗಲಿಲ್ಲ, ಐದೂ ಸೀಮೆಗಳ ಸೈನ್ಯ ಕೂಡಿಸಿ ತಾನೇ ಮುಂದೆ ನಿಂತು ಬಂದರೂ ಗೆಲ್ಲಲಾಗಲಿಲ್ಲ ಅಂತ ಅವನು ಬರೆದ. ಶೀಲಾದಿತ್ಯ ಅಂದರೆ ಕನೌಜಿನ ಹರ್ಷವರ್ಧನ.

ಹರ್ಷನನ್ನು ಪುಲಿಕೇಶಿ ನರ್ಮದೆಯ ತೀರದಲ್ಲಿ ತಡೆದ ಅನ್ನೋದಕ್ಕೆ ನಮ್ಮ ಮನೆಯ ಸಾಕ್ಷಿ ಐಹೊಳೆಯ ಶಾಸನ. ಮೇಗುಟಿಯ ಜೈನ ಬಸದಿಯ ಗೋಡೆ ಮೇಲೆ ಇದೆ, ಕಾಲ 634. ಬರೆದವನು ರವಿಕೀರ್ತಿ. ಹರ್ಷನ ಹೆಸರನ್ನೇ ಇಟ್ಟುಕೊಂಡು ಅವನ ಹರ್ಷ ಹಾರಿಹೋಯಿತು ಅಂತ ಶ್ಲೇಷೆ ಮಾಡಿದ್ದಾನೆ. ಭೇಷ್ ಕವಿ. ಆದರೆ ರವಿಕೀರ್ತಿ ಪುಲಿಕೇಶಿಯ ಆಶ್ರಯದಲ್ಲಿದ್ದವನು. ಆಸ್ಥಾನ ಕವಿ ತನ್ನ ರಾಜ ಗೆದ್ದ ಅಂತ ಬರೀದೆ ಇನ್ನೇನು ಬರೀತಾನೆ ಅಂತ ಯಾರಾದರೂ ಕೇಳಬಹುದು. ಹರ್ಷನ ಕಡೆಯ ಬಾಣಭಟ್ಟನ 'ಹರ್ಷಚರಿತ' ಈ ಯುದ್ಧದವರೆಗೆ ಬರೋದೇ ಇಲ್ಲ, ಅದಕ್ಕೂ ಮುಂಚೆ ನಿಂತುಹೋಗುತ್ತೆ.

ಇಲ್ಲಿ ಶ್ವಾನ್‌ಝಾಂಗ್ ಬರ್ತಾನೆ. ಅವನು ಯಾರ ಕಡೆಯವನು? ಹರ್ಷನ ಕಡೆಯವನು. ದಕ್ಷಿಣ ಸುತ್ತಿ ಹೋದ ಮೇಲೆ ಹರ್ಷ ಅವನನ್ನು ಕರೆಸಿ, ಕನೌಜಿನಲ್ಲಿ ಅವನಿಗೋಸ್ಕರವೇ ದೊಡ್ಡ ಧರ್ಮಸಭೆ ನಡೆಸಿದ. ಉಡುಗೊರೆ ಕೊಟ್ಟ, ವಾಪಸ್ ಹೋಗೋದಕ್ಕೆ ವ್ಯವಸ್ಥೆ ಮಾಡಿಕೊಟ್ಟ. ಅವನ ಪುಸ್ತಕದಲ್ಲಿ ಹರ್ಷನ ಬಗ್ಗೆ ಪುಟಗಟ್ಟಲೆ ಮೆಚ್ಚುಗೆ ಇದೆ. ಅಂಥವನು 646ರಲ್ಲಿ, ತನ್ನ ದೇಶದಲ್ಲಿ, ತನ್ನ ಚಕ್ರವರ್ತಿಗೆ ಒಪ್ಪಿಸೋ ಪುಸ್ತಕದಲ್ಲಿ, ನನ್ನ ಸ್ನೇಹಿತ ಇವರನ್ನು ಗೆಲ್ಲಲಾಗಲಿಲ್ಲ ಅಂತ ಬರೀತಾನೆ. ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಯೇ ನಿಮ್ಮ ಪರ ಹೇಳಿಕೆ ಕೊಟ್ಟ ಹಾಗೆ. ನ್ಯೂಸ್ ರೂಮಿನಲ್ಲಿ ಇದಕ್ಕಿಂತ ಗಟ್ಟಿ ಸೋರ್ಸ್ ಯಾರಿಗೂ ಸಿಗಲ್ಲ.

ಎರಡು ತಕರಾರು ಬರ್ತವೆ, ನಾನೇ ಹೇಳಿಬಿಡ್ತೀನಿ. ಒಂದು, ಅವನು ದೇಶಕ್ಕೆ ಕೊಟ್ಟ ಹೆಸರು ಮಹಾರಾಷ್ಟ್ರ, ಕರ್ನಾಟ ಅಲ್ಲ. ಹಾಗಾಗಿ ಆ ಹೊಗಳಿಕೆ ನಮ್ಮದು ಅಂತ ಮರಾಠಿಗರು ಹೇಳಬಹುದು. ಹೇಳಲಿ. ಪುಲಿಕೇಶಿಗೆ ಮೂರು ಮಹಾರಾಷ್ಟ್ರಕಗಳ ಒಡೆತನ ಇತ್ತು ಅಂತ ಐಹೊಳೆ ಶಾಸನವೇ ಹೇಳುತ್ತೆ. ರಾಜಧಾನಿ ಬಾದಾಮಿ, ರಾಜ್ಯ ಎರಡೂ ಕಡೆ ಹರಡಿತ್ತು. ಇದಕ್ಕೆ ಇಬ್ಬರನ್ನು ಎದುರುಬದುರು ಕೂರಿಸಿದರೆ ಒಂದು ಗಂಟೆ ಡಿಬೇಟ್ ಆಗುತ್ತೆ, 641ರಲ್ಲಿ ಆ ಗಡಿಯೇ ಇರಲಿಲ್ಲ ಅನ್ನೋ ಸತ್ಯ ಮಾತ್ರ ಯಾರಿಗೂ ಕೇಳಿಸಲ್ಲ. ಎರಡು, ಅವನು ಹೇಳೋ ರಾಜಧಾನಿ ದೊಡ್ಡ ನದಿಯ ಪಕ್ಕದಲ್ಲಿದೆ. ಬಾದಾಮಿಯಲ್ಲಿ ಇರೋದು ಕೆರೆ. ಅವನು ನೋಡಿದ್ದು ಬಾದಾಮಿಯನ್ನೋ ನಾಸಿಕವನ್ನೋ ಬೇರೆ ಊರನ್ನೋ ಅನ್ನೋ ಚರ್ಚೆ ವಿದ್ವಾಂಸರಲ್ಲಿ ಇದೆ. ಊರು ಯಾವುದಾದರೂ ಆಗಲಿ, ರಾಜ ಯಾರು ಅನ್ನೋದರಲ್ಲಿ ಅನುಮಾನ ಇಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಅವನು ಇಲ್ಲಿಂದ ಹೋದದ್ದು 641ರ ಹೊತ್ತಿಗೆ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಗೆ ನುಗ್ಗಿದ. ಪುಲಿಕೇಶಿ ಆ ಯುದ್ಧದಲ್ಲೇ ಹೋದ ಅಂತ ಇತಿಹಾಸಕಾರರ ಅಭಿಪ್ರಾಯ. ಹತ್ತು ವರ್ಷಕ್ಕೂ ಮೀರಿ ಬಾದಾಮಿ ಚಾಲುಕ್ಯರ ಕೈಯಲ್ಲಿರಲಿಲ್ಲ, ಅವನ ಮಗ ಒಂದನೇ ವಿಕ್ರಮಾದಿತ್ಯ 655ರ ಹೊತ್ತಿಗೆ ವಾಪಸ್ ಪಡೆದ. ಚಾಂಗಾನ್‌ನಲ್ಲಿ ಶ್ವಾನ್‌ಝಾಂಗ್ ಈ ರಾಜ ಸೋಲದವನು ಅಂತ ಹೇಳಿ ಬರೆಸ್ತಾ ಇದ್ದಾಗ ಆ ರಾಜನೂ ಇರಲಿಲ್ಲ, ರಾಜಧಾನಿಯೂ ಇರಲಿಲ್ಲ. ಒಂದೇ ಒಂದು ವರ್ಷ ತಡವಾಗಿ ಬಂದಿದ್ದರೆ ನಮಗೆ ಸಿಗ್ತಿದ್ದದ್ದು ಸುಟ್ಟ ಊರಿನ ವರ್ಣನೆ.

ಗೋಪುರಕ್ಕೆ ವಾಪಸ್ ಬರೋಣ. ಬುಡದಲ್ಲಿ ದಕ್ಷಿಣದ ಬಾಗಿಲಿನ ಆಚೆ ಈಚೆ ಎರಡು ಶಾಸನದ ಕಲ್ಲುಗಳು, 653ರವು. ಚಕ್ರವರ್ತಿಗಳು ಅವನ ಅನುವಾದಗಳಿಗೆ ಬರೆದ ಮುನ್ನುಡಿ ಅದರಲ್ಲಿದೆ. ಅಕ್ಷರ ಇನ್ನೂ ಚೂಪಾಗಿವೆ. ಟಾಂಗ್ ಕಾಲದಲ್ಲಿ ರಾಜ್ಯದ ದೊಡ್ಡ ಪರೀಕ್ಷೆ ಪಾಸಾದವರು ಇಲ್ಲಿ ಬಂದು ಹೆಸರು ಬರೆಯೋ ಸಂಪ್ರದಾಯ ಇತ್ತಂತೆ. ನಮ್ಮಲ್ಲೂ ಸ್ಮಾರಕಗಳ ಮೇಲೆ ಹೆಸರು ಕೆತ್ತುತ್ತಾರೆ, ಪರೀಕ್ಷೆ ಒಂದು ಬರೆದಿರಲ್ಲ.

ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡು ಟೀವಿ. ಹಾಗಾಗಿ ಕಟ್ಟಡ ನೋಡಿದರೆ ಮೊದಲು ಪಾಯ ನೋಡೋ ಚಾಳಿ. ಈ ಗೋಪುರ ವಾಲಿದೆ. ಕಣ್ಣಿಗೇ ಕಾಣುತ್ತೆ. ಮೊದಲು ಕಟ್ಟಿದ್ದು ಒಳಗೆ ಮಣ್ಣು, ಹೊರಗೆ ಇಟ್ಟಿಗೆ. ಐವತ್ತು ವರ್ಷದಲ್ಲೇ ಹಾಳಾಯಿತು. ಸಾಮ್ರಾಜ್ಞಿ ವು ಝೆಟಿಯನ್ 704ರ ಹೊತ್ತಿಗೆ ಮತ್ತೆ ಕಟ್ಟಿಸಿದಳು. 1556ರಲ್ಲಿ ಆ ಪ್ರಾಂತ್ಯದಲ್ಲಿ ಆದ ಮಹಾಭೂಕಂಪದಲ್ಲಿ ಏಟು ತಿಂದಿತು, ಮಿಂಗರು ಮೇಲೊಂದು ಪದರ ಇಟ್ಟಿಗೆ ಹೊದಿಸಿದರು. ಇಷ್ಟೆಲ್ಲ ತಡೆದುಕೊಂಡದ್ದು 20ನೇ ಶತಮಾನದ ಪಂಪುಗಳ ಮುಂದೆ ಸೋಲೋ ಹಂತಕ್ಕೆ ಬಂತು. ಊರು ಬೆಳೆಯಿತು, ಕಾರ್ಖಾನೆಗಳು ಬಂದವು, ಆಳದ ಬಾವಿ ಕೊರೆದು ನೀರೆತ್ತಿದರು. ಕೆಲವು ಕಡೆ ನೆಲ 2 ಮೀಟರ್‌ಗೂ ಹೆಚ್ಚು ಕುಸಿಯಿತು, ಊರೊಳಗೆ ಉದ್ದುದ್ದ ಬಿರುಕು ಬಿಟ್ಟವು. 1996ರ ಹೊತ್ತಿಗೆ ಗೋಪುರದ ತುದಿ ತನ್ನ ಜಾಗ ಬಿಟ್ಟು 1 ಮೀಟರ್‌ಗೂ ಸ್ವಲ್ಪ ಜಾಸ್ತಿ ಪಕ್ಕಕ್ಕೆ ಹೋಗಿತ್ತು.

ಯಾಕೆ ಹೀಗಾಗುತ್ತೆ ಅಂದರೆ, ಅಲ್ಲಿ ಕೆಳಗಿರೋದು ಮೆತ್ತನೆ ಮಣ್ಣು, ಜೇಡಿ. ಮಣ್ಣಿನ ಕಣಗಳ ನಡುವೆ ಇರೋ ನೀರು ಮೇಲಿನ ಭಾರದಲ್ಲಿ ಒಂದು ಪಾಲು ಹೊರುತ್ತೆ. ನೀರು ತೆಗೆದರೆ ಭಾರ ಪೂರ್ತಿ ಕಣಗಳ ಮೇಲೆ ಬಿದ್ದು ಮಣ್ಣು ಅದುಮಿಕೊಳ್ಳುತ್ತೆ. ಎಲ್ಲ ಕಡೆ ಒಂದೇ ಸಮ ಅದುಮಿಕೊಳ್ಳಲ್ಲ, ಹಾಗಾಗಿ ಕಟ್ಟಡ ವಾಲುತ್ತೆ. ಮತ್ತೆ ನೀರು ತುಂಬಿದರೂ ಮಣ್ಣು ಪೂರ್ತಿ ಮೇಲೇಳಲ್ಲ.

ಅವರು ಬಾವಿಗಳನ್ನು ಮುಚ್ಚಿಸಿದರು. ನೆಲಕ್ಕೆ ನೀರು ಇಂಗಿಸಿದರು. ಗೋಪುರ ನಿಧಾನಕ್ಕೆ, ವರ್ಷಕ್ಕೆ ಹೆಚ್ಚೂಕಮ್ಮಿ 1 ಮಿಲಿಮೀಟರ್ ಲೆಕ್ಕದಲ್ಲಿ, ನೆಟ್ಟಗಾಗೋದಕ್ಕೆ ಶುರುವಾಯಿತು. 2014ರಲ್ಲಿ ರೇಷ್ಮೆ ದಾರಿಯ ತಾಣಗಳ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿತು.

ಇದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವನು ಫೋನ್ ಇಸಕೊಂಡು ಫೋಟೋ ದೊಡ್ಡದು ಮಾಡಿ ನೋಡಿದ. "ನಮ್ಮಲ್ಲಿ ಯಾವ ಗುಡಿ ಗೋಪುರಾನೂ ವಾಲಿಲ್ವಲ್ಲ" ಅಂದ. ನಿಜ. ನಮ್ಮ ಕೆಳಗಿರೋದು ಬಂಡೆ. ನೀರಿರೋದು ಬಂಡೆಯ ಬಿರುಕಿನಲ್ಲಿ. ಎಷ್ಟೇ ಹೀರಿದರೂ ಬಂಡೆ ಕುಸಿಯಲ್ಲ, ಏನೂ ವಾಲಲ್ಲ. ಬೆಂಗಳೂರು ಗ್ರಾಮಾಂತರದ ನಾಲ್ಕೂ ತಾಲ್ಲೂಕು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ, ಸಾವಿರ ಅಡಿ ದಾಟಿದರೂ ಧೂಳು ಬರುತ್ತೆ. ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆ ತುಂಬಿಸಿ ಹೋಗ್ತಿದ್ದ ಅರ್ಕಾವತಿಯನ್ನು ನಂಬಿ 1894ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ಕೊಟ್ಟಿದ್ದರು. ಈಗ ನೋಡಿ. ಶಿಯಾನ್‌ನವರಿಗೆ ತಪ್ಪು ತೋರಿಸೋದಕ್ಕೆ ಊರ ನಡುವೆ ಒಂದು ಗೋಪುರ ಇತ್ತು. ನಮಗೆ ಅದೂ ಇಲ್ಲ.

ಆ ಸಂಜೆ ಕೆರೆ ಏರಿ ಕಡೆ ಹೋಗಿದ್ದೆ. ಚಿಕ್ಕವನಿದ್ದಾಗ ನಾವೆಲ್ಲ ಬಟ್ಟೆ ಒಗೆಯೋ ಕಲ್ಲು ಅಂದುಕೊಂಡಿದ್ದ ಒಂದು ಕಲ್ಲಿತ್ತು, ಅದು ವೀರಗಲ್ಲು ಅಂತ ಗೊತ್ತಾಗಿದ್ದು ಬಹಳ ಆಮೇಲೆ. ಕತ್ತಿ ಹಿಡಿದ ಒಬ್ಬ ವೀರ, ಮೇಲೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯೋ ಅಪ್ಸರೆಯರು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ ಪೂರ್ತಿ ಬೆಂಗಳೂರು ಜಿಲ್ಲೆಯದು, ದೊಡ್ಡಬಳ್ಳಾಪುರ ತಾಲ್ಲೂಕಿಗೆ ಅದರಲ್ಲಿ ಪ್ರತ್ಯೇಕ ಭಾಗವೇ ಇದೆ. ಅಂದು ಓದಿದ ಕಲ್ಲುಗಳಲ್ಲಿ ಎಷ್ಟೋ ಇವತ್ತು ರಸ್ತೆಗೆ, ಸೈಟಿಗೆ, ಪಾಯಕ್ಕೆ ಹೋಗಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಸುತ್ತಮುತ್ತಲ ಶಾಸನಗಳನ್ನು ಹುಡುಕಿ ಮೂರು ಆಯಾಮದ ಸ್ಕ್ಯಾನ್ ಮಾಡಿಡ್ತಿದ್ದಾರೆ. ನಿಮ್ಮ ಊರಲ್ಲಿ ಅಕ್ಷರ ಇರೋ ಕಲ್ಲಿದ್ದರೆ ಅವರಿಗೆ ತಿಳಿಸಿ. ನಮ್ಮ ಕಲ್ಲು ಇನ್ನೂ ಇತ್ತು, ಅರ್ಧ ಮಣ್ಣಿನಲ್ಲಿ. ಏರಿಯ ಆ ಕಡೆ ಕೆರೆಯಲ್ಲಿ ಜಾಲಿ ಬೆಳೆದಿತ್ತು.

ಮನೆಗೆ ಬಂದಾಗ ದೊಡ್ಡಪ್ಪ ಇನ್ನೂ ಅದೇ ಯೋಚನೆಯಲ್ಲಿದ್ದ.

"ಅಲ್ಲ ಕಣ್ಲಾ, ಬೋರ್‌ವೆಲ್ ಮುಚ್ಚಿ ಅಂದ್ರೆ ಅಲ್ಲಿ ಜನ ಹೆಂಗ್ ಒಪ್ಪಿದ್ರು?"

"ಬೆಟ್ಟದ ಕಡೆಯ ಜಲಾಶಯದಿಂದ ಊರಿಗೆ ನೀರು ತಂದ್ರು ದೊಡ್ಡಪ್ಪ. ನೀರು ಕೊಟ್ಟು ಬಾವಿ ಮುಚ್ಚಿಸಿದ್ರು."

"ಹಂಗಾದ್ರೆ ಸರಿ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಮಗೆ ಯಾವ ನೀರು ಕೊಡ್ತಾರಂತೆ, ನಿಮ್ಮ ಟೀವೀಲಿ ಕೇಳಿ ಹೇಳು" ಅಂದು ದನಗಳಿಗೆ ಹುಲ್ಲು ಹಾಕೋದಕ್ಕೆ ಎದ್ದುಹೋದ.